ಕ್ರೈಸ್ತರ ಸತ್ಕಾರ್ಯ: ನಾವು ನಂಬಿದ್ದು, ಇರುವುದು

ನೇಸರಗಿಗೆ ಸಮೀಪದ ದೇಶನೂರಿನಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ಕಾವಿ ಉಟ್ಟು ಬಾಳಿದ್ದಾರೆ. ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ. ನೆರೆತನ ಇಷ್ಟು ಹಳೆಯದು. ಆದರೂ ಕ್ರೈಸ್ತರ ಧರ್ಮಶಾಸ್ತ್ರ ಯಾವುದನ್ನು ಒಳ್ಳೆಯ ಕೆಲಸ ಎನ್ನುತ್ತದೆ ಎಂದು ನಾವು ಕೇಳಿ ತಿಳಿದದ್ದು ಕಡಿಮೆ, ಕಟ್ಟೆಯ ಮೇಲೆ ಕೂತು ಊಹಿಸಿದ್ದೇ ಹೆಚ್ಚು.

ತಪ್ಪು ಕಲ್ಪನೆ: ದಾನಧರ್ಮ ಕೂಡಿಸುತ್ತ ಹೋದರೆ ಸ್ವರ್ಗ ಸಿಗುತ್ತದೆ, ಅವರು ಶಾಲೆ, ದವಾಖಾನೆ ಕಟ್ಟುವುದು ಅದಕ್ಕೇ.

ವಾಸ್ತವ: ಈ ಲೆಕ್ಕವನ್ನು ಕ್ರೈಸ್ತ ಧರ್ಮಸಭೆ ಯಾವತ್ತೋ ತಳ್ಳಿಹಾಕಿದೆ. ಮನುಷ್ಯ ಸ್ವಂತ ಬಲದಿಂದಲೇ ಒಳ್ಳೆಯವನಾಗಬಲ್ಲ ಎಂದು ಪೆಲೇಜಿಯಸ್ ಎಂಬವನು ವಾದಿಸಿದ. ಸಂತ ಅಗಸ್ಟೀನ್ ಎದುರು ನಿಂತ. 529ರಲ್ಲಿ ಆರೆಂಜ್ ಎಂಬಲ್ಲಿ ಸೇರಿದ ಬಿಷಪ್ಪರ ಸಭೆ ಅಗಸ್ಟೀನನ ಕಡೆ ವಾಲಿತು. ಅವರ ಪ್ರಕಾರ ದೇವರ ಕೃಪೆ ಮೊದಲು, ಕೆಲಸ ಆಮೇಲೆ. ಸತ್ಕಾರ್ಯ ಕೃಪೆಯಿಂದ ಹುಟ್ಟುತ್ತದೆ, ಕೃಪೆಯನ್ನು ಕೊಳ್ಳುವುದಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ನಂಬಿದರೆ ಸಾಕು, ಕೆಲಸ ಬೇಡ, ಲೂಥರ್ ಹೇಳಿದ್ದೂ ಅದನ್ನೇ.

ವಾಸ್ತವ: 1517ರಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಕೆರಳಿದ್ದು ಪಾಪದ ಶಿಕ್ಷೆ ಮಾಫಿ ಮಾಡುವ ಪತ್ರಗಳ ಮಾರಾಟ ಕಂಡು. ನಿಜವಾದ ನಂಬಿಕೆ ಕೈಕಟ್ಟಿ ಕೂರುವುದಿಲ್ಲ ಎಂಬುದನ್ನು ಅವನೂ ಒಪ್ಪಿದ್ದ. ಈ ಜಗಳದ ಬಹುಪಾಲು 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದಾಗ ತಣ್ಣಗಾಯಿತು. 2006ರಲ್ಲಿ ಮೆಥೊಡಿಸ್ಟರೂ ಒಪ್ಪಿದರು. ಬೆಳಗಾವಿಯ ಲಂಡನ್ ಮಿಷನ್ ಕೆಲಸ 20ನೇ ಶತಮಾನದ ಆರಂಭದಲ್ಲಿ ಬಂದು ಸೇರಿದ್ದು ಈ ಮೆಥೊಡಿಸ್ಟರ ಕೈಗೇ.

ತಪ್ಪು ಕಲ್ಪನೆ: ಉದ್ದೇಶ ಚಲೋ ಇದ್ದರೆ ಆಯಿತು, ದಾರಿ ಯಾವುದಾದರೇನು.

ವಾಸ್ತವ: ಇಲ್ಲಿ ಅವರ ಶಾಸ್ತ್ರ ನಾವು ಎಣಿಸಿದ್ದಕ್ಕಿಂತ ಬಿಗಿ. 13ನೇ ಶತಮಾನದ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಮೂರನ್ನು ನೋಡು ಎಂದ: ಮಾಡಿದ ಕೆಲಸ, ಮಾಡಿದವನ ಉದ್ದೇಶ, ಮಾಡಿದ ಸಂದರ್ಭ. ಒಂದು ಕೆಟ್ಟರೂ ಕೆಲಸ ಕೆಟ್ಟಿತು. ಕದ್ದು ತಂದು ದಾನ ಮಾಡಿದರೂ ಅದು ಕಳ್ಳತನವೇ. ಶಾಲೆಯ ಸಿಮೆಂಟು ನುಂಗಿದ ಗುತ್ತಿಗೆದಾರ ಚರ್ಚಿಗೆ ಗಂಟೆ ಕೊಡಿಸಿದರೆ ಶಾಲೆಯ ಗೋಡೆಯ ಬಿರುಕು ಮುಚ್ಚುವುದಿಲ್ಲ. ಹಾಗಂತ ಅಕ್ವಿನಾಸ್ ಕಲ್ಲೆದೆಯವನಲ್ಲ. ಜೀವ ಹೋಗುವಂಥ ಹಸಿವಿನಲ್ಲಿ, ಬೇರೆ ದಾರಿಯೇ ಇಲ್ಲದವನು ಪರರ ರೊಟ್ಟಿ ಎತ್ತಿಕೊಂಡರೆ ಅದು ಕಳ್ಳತನವೇ ಅಲ್ಲ ಎಂದವನೂ ಅವನೇ. ನಮ್ಮಲ್ಲಿ ಎಷ್ಟು ಪಂಚರು ಹೀಗೆ ತೀರ್ಪು ಕೊಟ್ಟಾರು?

ತಪ್ಪು ಕಲ್ಪನೆ: ಮಿಷನ್ ದವಾಖಾನೆ ಎಂದರೆ ಮತಾಂತರದ ಗಾಳ.

ವಾಸ್ತವ: ಈ ಗುಮಾನಿಯನ್ನು ನಕ್ಕು ಬಿಡುವಂತಿಲ್ಲ, ಮಿಷನರಿಗಳು ತಮ್ಮ ಪ್ರಚಾರವನ್ನು ಮುಚ್ಚಿಟ್ಟವರೇನಲ್ಲ. ಆದರೆ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಮಿರಜಿನ ಆಸ್ಪತ್ರೆಗೆ ನಮ್ಮ ಸೀಮೆಯ ಜನ ತಲೆಮಾರುಗಳಿಂದ ಹೋಗಿ ಬಂದಿದ್ದಾರೆ. ಹೋಗುವಾಗ ಹಣೆಯಲ್ಲಿದ್ದ ವಿಭೂತಿ ಬರುವಾಗಲೂ ಇತ್ತು. ಆಮಿಷ ತೋರಿಸಿ, ಅದರಲ್ಲೂ ಬಡವರಿಗೆ, ಧರ್ಮ ಹಂಚುವುದು ಸಲ್ಲದು ಎಂದು ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. ಔಷಧ ಎಲ್ಲಿ ಗಾಳವಾಯಿತೋ ಅಲ್ಲಿ, ಅಕ್ವಿನಾಸನ ಎರಡನೆಯ ಅಳತೆಯಲ್ಲೇ ಅದು ಸತ್ಕಾರ್ಯವಲ್ಲ.

ತಪ್ಪು ಕಲ್ಪನೆ: ಹೆಸರು ಹಾಕಿಸಿ ಕೊಟ್ಟ ದಾನ ವ್ಯರ್ಥ.

ವಾಸ್ತವ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದ ಯೇಸುವೇ, ಅದೇ ಬೆಟ್ಟದ ಪ್ರಸಂಗದಲ್ಲಿ ನಿಮ್ಮ ಸತ್ಕಾರ್ಯ ಜನರ ಕಣ್ಣಿಗೆ ಬೀಳಲಿ ಎಂದೂ ಹೇಳಿದ್ದಾನೆ. ಹೊಗಳಿಕೆ ದೇವರಿಗೆ ಹೋಗಬೇಕೋ ಕೊಟ್ಟವನಿಗೋ ಎಂಬುದರಲ್ಲಿದೆ ವ್ಯತ್ಯಾಸ.

ತಪ್ಪು ಕಲ್ಪನೆ: ಕ್ರೈಸ್ತರಲ್ಲದವರು ಏನು ಮಾಡಿದರೂ ಅವರ ಲೆಕ್ಕದಲ್ಲಿ ಅದು ಒಳ್ಳೆಯದಲ್ಲ.

ವಾಸ್ತವ: ಇದರಲ್ಲಿ ಅವರಲ್ಲೇ ಒಮ್ಮತವಿಲ್ಲ. ಕೃಪೆಗೆ ಮುಂಚಿನ ಕೆಲಸ ದೇವರಿಗೆ ಮೆಚ್ಚುಗೆಯಾಗದು ಎನ್ನುತ್ತದೆ ಆಂಗ್ಲಿಕನ್ನರ 1571ರ 39 ವಿಧಿಗಳಲ್ಲಿ 13ನೆಯದು. ಆದರೆ ಅವಿಶ್ವಾಸಿಗಳ ಕೆಲಸವೆಲ್ಲ ಪಾಪ ಎಂಬ ಮಾತನ್ನು ಪೋಪ್ ಐದನೆಯ ಪಯಸ್ 1567ರಲ್ಲೇ ಖಂಡಿಸಿದ್ದ. ಯೇಸು ಹೇಳಿದ ಕಥೆಯಲ್ಲಂತೂ ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಸುರಿದು, ತನ್ನ ಪ್ರಾಣಿಯ ಮೇಲೆ ಕೂರಿಸಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟವನು ಸಮಾರ್ಯದವನು, ಕೇಳುಗರು ದೂರ ಇಟ್ಟ ಜನದವನು. ಯಾಜಕ ಆ ದಾರಿಯಲ್ಲೇ ಬಂದಿದ್ದ, ನೋಡಿ ಆಚೆ ಬದಿಯಿಂದ ಹೋಗಿದ್ದ.