ಕಡತಕ್ಕೆ ಕಾಣದ ಸರೋವರ

1980ರ ದಶಕದ ಕೊನೆಯಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ಜಲವಿದ್ಯುತ್ ಯೋಜನೆಯೊಂದರ ಲಾಭ–ವೆಚ್ಚದ ಟಿಪ್ಪಣಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮುಳುಗಡೆಯಾಗುವ ಕಾಡಿಗೆ ಅದರಲ್ಲಿ ಎರಡೇ ಅಂಕಣಗಳಿದ್ದವು: ಮರಮುಟ್ಟಿನ ಬೆಲೆ ಮತ್ತು ಬದಲಿ ನೆಡುತೋಪಿನ ವೆಚ್ಚ. ಅವನ್ನು ತುಂಬಿ, ಕೂಡಿಸಿ, ಸಹಿ ಹಾಕಿ ಮೇಲಕ್ಕೆ ಕಳುಹಿಸಿದೆ. ಆ ಕಾಡನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ನೋಡಿ ಬಾ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿವೃತ್ತಿಯ ನಂತರ ಒಲೆಗಸ್ ಟ್ರುಚಾನಸ್ ಅವರ ಬದುಕಿನ ಬಗ್ಗೆ ಓದುವಾಗ ಆ ಟಿಪ್ಪಣಿ ಮತ್ತೆ ನೆನಪಾಯಿತು. 1923ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿದ ಅವರು ಎರಡನೆಯ ಮಹಾಯುದ್ಧದ ನಂತರ ನಿರಾಶ್ರಿತರಾಗಿ ಆಸ್ಟ್ರೇಲಿಯಾದ ಟಾಸ್ಮೇನಿಯ ದ್ವೀಪಕ್ಕೆ ಬಂದರು. ಮೊದಲು ಸತುವಿನ ಕಾರ್ಖಾನೆಯಲ್ಲಿ ದುಡಿದು, ಬಳಿಕ ಅಲ್ಲಿನ ಸರ್ಕಾರದ ಜಲವಿದ್ಯುತ್ ಆಯೋಗದಲ್ಲಿ ಗುಮಾಸ್ತರಾದರು. ಛಾಯಾಗ್ರಹಣ ಅವರ ಹವ್ಯಾಸ. ರಜೆ ಸಿಕ್ಕಾಗಲೆಲ್ಲ ಬೆನ್ನಿಗೆ ಚೀಲ ಕಟ್ಟಿಕೊಂಡು, ರಸ್ತೆಯೇ ಇಲ್ಲದ ನೈರುತ್ಯದ ಬೆಟ್ಟಸಾಲುಗಳಿಗೆ ಹೋಗುತ್ತಿದ್ದರು. 1958ರಲ್ಲಿ ಪುಟ್ಟ ದೋಣಿಯೊಂದರಲ್ಲಿ ಒಬ್ಬರೇ ಗಾರ್ಡನ್ ನದಿಯ ಕಂದರಗಳನ್ನು ದಾಟಿ ಪಶ್ಚಿಮ ಕರಾವಳಿ ತಲುಪಿದರು.

1967 ಅವರ ಪಾಲಿಗೆ ಕಠಿಣ ವರ್ಷ. ಆ ಫೆಬ್ರುವರಿ 7ರಂದು ಹೋಬಾರ್ಟ್ ನಗರವನ್ನು ಸುತ್ತುವರಿದ ಕಾಳ್ಗಿಚ್ಚಿನಲ್ಲಿ ಅವರ ಮನೆ ಸುಟ್ಟುಹೋಯಿತು. ವರ್ಷಗಳಿಂದ ಕೂಡಿಟ್ಟ ಸ್ಲೈಡ್‌ಗಳೆಲ್ಲ ಬೂದಿಯಾದವು. ಅದೇ ವರ್ಷ ಟಾಸ್ಮೇನಿಯದ ಸಂಸತ್ತು ಗಾರ್ಡನ್ ನದಿ ಯೋಜನೆಗೆ ಒಪ್ಪಿಗೆ ನೀಡಿತು. ನಸುಗೆಂಪು ಮರಳಿನ ದಂಡೆಯ ಪೆಡ್ಡರ್ ಸರೋವರ ಅದರಲ್ಲಿ ಮುಳುಗಬೇಕಿತ್ತು. 1955ರಲ್ಲೇ ಅದು ರಾಷ್ಟ್ರೀಯ ಉದ್ಯಾನವಾಗಿತ್ತು. ಆ ಘೋಷಣೆ ಅಣೆಕಟ್ಟನ್ನು ತಡೆಯಲಿಲ್ಲ. ಯೋಜನೆ ರೂಪಿಸಿದ್ದು ಟ್ರುಚಾನಸ್‌ಗೆ ಸಂಬಳ ಕೊಡುತ್ತಿದ್ದ ಆಯೋಗವೇ.

ಅಂಥ ಸ್ಥಿತಿಯಲ್ಲಿ ನೌಕರನೊಬ್ಬ ಏನು ಮಾಡಬಹುದೆಂಬುದು ನಮ್ಮಂಥವರಿಗೆ ಚೆನ್ನಾಗಿ ಗೊತ್ತು: ಏನೂ ಮಾಡದಿರಬಹುದು. ಟ್ರುಚಾನಸ್ ಮತ್ತೆ ಬೆಟ್ಟ ಹತ್ತಿದರು. ಸುಟ್ಟುಹೋದ ಚಿತ್ರಗಳನ್ನು ಹೊಸದಾಗಿ ತೆಗೆಯತೊಡಗಿದರು. ಹೋಬಾರ್ಟ್ ಪುರಭವನದಲ್ಲಿ ಅವರು ತೋರಿಸಿದ ಸ್ಲೈಡ್‌ಗಳನ್ನು ನೋಡಲು ಜನ ಕಿಕ್ಕಿರಿದರು. ಅವರಲ್ಲಿ ಬಹುಪಾಲು ಮಂದಿ ಆ ಸರೋವರವನ್ನು ಎಂದೂ ನೋಡದವರು.

ಕಾಕತಾಳೀಯವೆಂಬಂತೆ, ಅದೇ 1967ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಕ್ರುಟಿಲ್ಲಾ ಒಂದು ಪುಟ್ಟ ಲೇಖನ ಪ್ರಕಟಿಸಿದರು. ತಾವು ಎಂದೂ ಹೋಗದ ತಾಣವೊಂದು ಹಾಗೆಯೇ ಉಳಿದಿದೆ ಎಂಬ ಅರಿವಿಗೂ ಜನ ಬೆಲೆ ಕೊಡುತ್ತಾರೆ, ಮಾರುಕಟ್ಟೆ ಅದನ್ನು ಗುರುತಿಸುವುದಿಲ್ಲ ಎಂಬುದು ಅವರ ವಾದ. ವಿದ್ಯುತ್ತಿಗೆ ತಂತ್ರಜ್ಞಾನ ನಾಳೆ ಬೇರೆ ಮೂಲ ಹುಡುಕೀತು. ಅಳಿದ ಕಣಿವೆಗೆ ಬದಲಿಯಿಲ್ಲ. ಕ್ರುಟಿಲ್ಲಾ ತರ್ಕದಿಂದ ಹೇಳಿದ್ದನ್ನು ಟ್ರುಚಾನಸ್ ಪರದೆಯ ಮೇಲೆ ತೋರಿಸುತ್ತಿದ್ದರು.

ಪೆಡ್ಡರ್ ಉಳಿಯಲಿಲ್ಲ. ಅದು ಮುಳುಗಿದ 1972ರ ಜನವರಿ 6ರಂದು, ಗಾರ್ಡನ್ ನದಿಯ ಚಿತ್ರ ತೆಗೆಯಲು ಹೋಗಿದ್ದ ಟ್ರುಚಾನಸ್ ಕಾಲುಜಾರಿ ನೀರುಪಾಲಾದರು. ಶವವನ್ನು ಪತ್ತೆಹಚ್ಚಿದ್ದು ಅವರ ಶಿಷ್ಯ ಪೀಟರ್ ಡೊಂಬ್ರೊವ್‌ಸ್ಕಿಸ್. ಹತ್ತು ವರ್ಷಗಳ ನಂತರ ಫ್ರಾಂಕ್ಲಿನ್ ನದಿಗೂ ಅಣೆಕಟ್ಟಿನ ಆಪತ್ತು ಬಂದಾಗ, ಈ ಶಿಷ್ಯ ತೆಗೆದ, ಮಂಜು ಮುಸುಕಿದ ನದಿತಿರುವಿನ ಚಿತ್ರ 1983ರ ಚುನಾವಣಾ ಪ್ರಚಾರದಲ್ಲಿ ದೇಶದ ಮನೆಮನೆ ತಲುಪಿತು. ಸರ್ಕಾರ ಬದಲಾಯಿತು. ಆ ವರ್ಷದ ಜುಲೈ 1ರಂದು ಆಸ್ಟ್ರೇಲಿಯಾದ ಹೈಕೋರ್ಟ್ 4–3ರ ಬಹುಮತದಿಂದ ಅಣೆಕಟ್ಟೆ ತಡೆಯುವ ಕೇಂದ್ರದ ಅಧಿಕಾರವನ್ನು ಎತ್ತಿಹಿಡಿಯಿತು. ಫ್ರಾಂಕ್ಲಿನ್ ಇಂದಿಗೂ ತಡೆಯಿಲ್ಲದೆ ಹರಿಯುತ್ತಿದೆ.

ವಿದ್ಯುತ್ ಬೇಡವೆಂದು ನಾನು ಹೇಳಲಾರೆ. ಈ ಲೇಖನ ಬರೆಯುತ್ತಿರುವುದೂ ದೀಪದ ಬೆಳಕಿನಲ್ಲೇ. ನಮ್ಮ ಕಡತಗಳೂ ಬದಲಾಗಿವೆ. 1994ರಿಂದ ಪರಿಸರ ಪರಿಣಾಮದ ಮೌಲ್ಯಮಾಪನ ಕಡ್ಡಾಯವಾಯಿತು. 2002ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕಾಡಿನ ನಿವ್ವಳ ಪ್ರಸ್ತುತ ಮೌಲ್ಯವನ್ನೂ ಕಟ್ಟಬೇಕಾಗಿದೆ. ಅಂಕಣಗಳು ಹೆಚ್ಚಿವೆ, ಅದು ಒಳ್ಳೆಯದೇ. ಆದರೆ ಬೆಲೆ ತೆತ್ತ ಮಾತ್ರಕ್ಕೆ ನಷ್ಟ ತುಂಬಿತೆಂದು ಭಾವಿಸುವ ಅಭ್ಯಾಸ ಹೋಗಿಲ್ಲ.

ಇಂದಿನ ಕಿರಿಯ ಅಧಿಕಾರಿಗಳಿಗೆ ನನ್ನದು ಒಂದೇ ಕೋರಿಕೆ. ಮುಳುಗಡೆಯ ಟಿಪ್ಪಣಿಗೆ ಸಹಿ ಹಾಕುವ ಮುನ್ನ ಒಂದು ದಿನ ರಜೆ ಹಾಕಿಯಾದರೂ ಆ ಜಾಗಕ್ಕೆ ಹೋಗಿ ಬನ್ನಿ, ನಾಲ್ಕು ಚಿತ್ರ ತೆಗೆದು ಕಡತಕ್ಕೆ ಲಗತ್ತಿಸಿ. ತೀರ್ಮಾನ ಬದಲಾಗದಿರಬಹುದು. ಆದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿಯದೆ ಸಹಿ ಹಾಕಿದೆ ಎಂಬ ಕೊರಗು, ನನಗೆ ಉಳಿದಂತೆ, ನಿಮಗೆ ಉಳಿಯದು.