ಹವ್ಯಾಸಿ ರೇಡಿಯೋ ಕಂಬವೂ ನೆರೆಹೊರೆಯ ಹಕ್ಕೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹವ್ಯಾಸಿ ರೇಡಿಯೋ ನಡೆಸಲು ಪರವಾನಗಿ ಕೊಡುವುದು ಫೆಡರಲ್ ಸಂಪರ್ಕ ಆಯೋಗ. ಆಂಟೆನಾ ಕಂಬದ ಎತ್ತರಕ್ಕೆ ಮಿತಿ ವಿಧಿಸುವುದು ಸ್ಥಳೀಯ ಆಡಳಿತ. ನೆರೆಹೊರೆಯ ವಿವಾದಗಳು ಹುಟ್ಟುವುದು ಈ ಎರಡು ಅಧಿಕಾರಗಳ ನಡುವೆ.

ಎತ್ತರವೆಂಬುದು ಹವ್ಯಾಸಿಯ ಬರಿಯ ಹಟವಲ್ಲ. 7 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 40 ಮೀಟರು. ಅಡ್ಡಲಾಗಿ ಕಟ್ಟಿದ ಆಂಟೆನಾ ಅದರ ಅರ್ಧದಷ್ಟು, ಎಂದರೆ 20 ಮೀಟರು ಎತ್ತರದಲ್ಲಿದ್ದರೆ ಪ್ರಸರಣವು ದಿಗಂತದತ್ತ ಬಾಗಿ ದೂರದೇಶಗಳನ್ನು ಮುಟ್ಟುತ್ತದೆ. ತೀರ ತಗ್ಗಿನಲ್ಲಿದ್ದರೆ ಬಹುಪಾಲು ನೆತ್ತಿಯತ್ತ ಸಾಗುತ್ತದೆ. ನೋಟ ಕೆಡುವುದು, ಕಂಬ ಬೀಳಬಹುದು ಎಂಬ ನೆರೆಯವರ ಆಕ್ಷೇಪಗಳೂ ತಳ್ಳಿಹಾಕತಕ್ಕವಲ್ಲ.

1985ರಲ್ಲಿ ಆಯೋಗವು, ಸ್ಥಳೀಯ ನಿಯಮಗಳು ಹವ್ಯಾಸಿ ಸಂಪರ್ಕಕ್ಕೆ ಯುಕ್ತವಾದ ಅವಕಾಶ ಕೊಡಬೇಕೆಂದೂ ನಿರ್ಬಂಧವು ಸಾಧ್ಯವಾದಷ್ಟು ಕನಿಷ್ಠವಾಗಿರಬೇಕೆಂದೂ ವಿಧಿಸಿತು. ಇಷ್ಟೇ ಎತ್ತರವೆಂದು ಮಾತ್ರ ಗೊತ್ತುಪಡಿಸಲಿಲ್ಲ. 1994ರಲ್ಲಿ ಮಿನೆಸೋಟ ಸಂಸ್ಥಾನದ ಮೆಂಡೋಟ ಹೈಟ್ಸ್ ನಗರದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು, ಉಭಯರ ಹಿತಗಳನ್ನು ತೂಗಿನೋಡಿದರೆ ಸಾಲದು, ನಗರವು ಅವಕಾಶದ ದಾರಿಯನ್ನೂ ಹುಡುಕಬೇಕೆಂದು ತೀರ್ಮಾನಿಸಿತು.

ಆದರೆ ನಾವು ಮುಖ್ಯವಾಗಿ ಗಮನಿಸಬೇಕಾದುದು ಈ ವಿಧಿಯ ಎಲ್ಲೆಯನ್ನು. ಅದು ಸರ್ಕಾರಿ ನಿಯಮಗಳನ್ನು ತಡೆಯುವುದೇ ಹೊರತು ಮನೆ ಕೊಳ್ಳುವಾಗ ಒಪ್ಪಿಕೊಂಡ ಖಾಸಗಿ ಕರಾರುಗಳನ್ನಲ್ಲ. ನಗರಸಭೆ ಕಸಿಯಲಾಗದ ಅವಕಾಶವನ್ನು ಹವ್ಯಾಸಿಯು ತನ್ನ ಸಹಿಯಿಂದಲೇ ಕಳೆದುಕೊಳ್ಳಬಹುದು.