ದೋಷ ಸಂವೇದಕದ್ದೋ, ಪರಿವರ್ತಕದ್ದೋ?

ಹೆಮ್ಮಿಗೆಯ ಸುತ್ತ, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಸುಗ್ಗಿಯ ದಿನಗಳಲ್ಲಿ ಪ್ರಯಾಣಿಸಿದವರಿಗೆ ರಸ್ತೆಯ ಮೇಲಿನ ಒಕ್ಕಣೆ ಹೊಸದಲ್ಲ. ಡಾಂಬರಿನ ಮೇಲೆ ಹುರುಳಿ ಗಿಡ ಹರಡುತ್ತಾರೆ. ಗುಂಡುಕಲ್ಲಿನ ಕೆಲಸವನ್ನು ವಾಹನಗಳ ಚಕ್ರಗಳು ಮಾಡುತ್ತವೆ. ಒಣಗಿದ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು ಕಾರೇ ಹೊತ್ತಿ ಉರಿದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದಿದ್ದೇವೆ. ತಳದಲ್ಲಿ ಅಷ್ಟು ಬಿಸಿಯಾಗುವ ಭಾಗಗಳಲ್ಲಿ ವೇಗವರ್ಧಕ ಪರಿವರ್ತಕ, ಅಂದರೆ ಕೆಟಲಿಟಿಕ್ ಕನ್ವರ್ಟರ್, ಮುಖ್ಯವಾದುದು.

ಭಾರತದಲ್ಲಿ ಇದು ಮೊದಲು ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ, ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಜೇನುಗೂಡಿನಂಥ ಪಿಂಗಾಣಿಯ ಮೇಲೆ ಲೇಪಿಸಿದ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್‌ಗಳು ವಿಷಾನಿಲಗಳನ್ನು ನಿರಪಾಯಕರ ಅನಿಲಗಳಾಗಿ ಬದಲಿಸುತ್ತವೆ. ಸುಮಾರು 250-300 ಡಿಗ್ರಿ ಸೆಲ್ಸಿಯಸ್‌ಗೆ ಕೆಲಸ ಆರಂಭ. 400ರಿಂದ 800 ಡಿಗ್ರಿ ಸಾಮಾನ್ಯ. ಸ್ಪಾರ್ಕ್ ಪ್ಲಗ್ ಕೆಟ್ಟು ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದಿದ್ದರೆ ಆ ಪೆಟ್ರೋಲ್ ಪರಿವರ್ತಕದೊಳಗೆ ಉರಿಯುತ್ತದೆ. ಆಗ ಉಷ್ಣತೆ ಸಾವಿರ ಡಿಗ್ರಿ ದಾಟಿ ಪಿಂಗಾಣಿ ಕರಗಲೂಬಹುದು.

ಈ ಅಪಾಯವನ್ನು ತಿಳಿಸಲು ಕೆಲವು ಕಾರುಗಳಲ್ಲಿ ಉಷ್ಣತಾ ಸಂವೇದಕವಿರುತ್ತದೆ. ಎಲ್ಲ ಕಾರುಗಳಲ್ಲೂ ಇಲ್ಲ. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ಉಷ್ಣತೆಯನ್ನು ಲೆಕ್ಕದಿಂದಲೇ ಅಂದಾಜು ಮಾಡುತ್ತದೆ. ಪಕ್ಕದ ಆಕ್ಸಿಜನ್ ಸಂವೇದಕವನ್ನೇ ಇದೆಂದು ತಿಳಿಯಬಾರದು.

ಸಂವೇದಕದಲ್ಲಿ ಎರಡು ಜಾತಿ ಸಾಮಾನ್ಯ. ಥರ್ಮಿಸ್ಟರ್ ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ. ಪ್ಲಾಟಿನಮ್ ತಂತಿಯದರಲ್ಲಿ ರೋಧ ಏರುತ್ತದೆ: ಸೊನ್ನೆ ಡಿಗ್ರಿಯಲ್ಲಿ 200 ಓಮ್ ಇರುವುದು 25 ಡಿಗ್ರಿಯಲ್ಲಿ ಸುಮಾರು 220 ಓಮ್ ಆಗುತ್ತದೆ. ಈ ವ್ಯತ್ಯಾಸ ತಿಳಿಯದಿದ್ದರೆ ತಪಾಸಣೆ ದಾರಿ ತಪ್ಪುತ್ತದೆ. ಇಲಿ ತಂತಿಯನ್ನು ಕಡಿದು ತುಂಡರಿಸಿತೆನ್ನಿ. ಥರ್ಮಿಸ್ಟರ್ ಇರುವ ಕಾರಿನ ಕಂಪ್ಯೂಟರ್ 'ಬಹಳ ತಣ್ಣಗಿದೆ' ಎಂದು ತಿಳಿಯುತ್ತದೆ; ಪ್ಲಾಟಿನಮ್ ಇರುವುದರದ್ದು 'ಬಹಳ ಬಿಸಿ' ಎನ್ನುತ್ತದೆ!

ಸ್ಕ್ಯಾನರ್ ತೋರಿಸುವ ಸಂಕೇತಗಳಲ್ಲಿ ಪಿ 0425 ಈ ಸಂವೇದಕಕ್ಕೆ ಸಂಬಂಧಿಸಿದ್ದು. ಪಿ 0427 ಎಂದರೆ ಅದರ ಮಂಡಲದಲ್ಲಿ ವೋಲ್ಟೇಜ್ ಕಡಿಮೆ, ಪಿ 0428 ಎಂದರೆ ಹೆಚ್ಚು. ಸಂಕೇತ ಕಂಡ ಕೂಡಲೇ ಸಂವೇದಕ ಬದಲಿಸುವುದು ನಮ್ಮ ಗ್ಯಾರೇಜುಗಳ ದುಬಾರಿ ಅಭ್ಯಾಸ. ಸಂಕೇತ ಹೇಳುವುದು ಮಂಡಲದ ದೋಷವನ್ನು. ತಂತಿ, ಕನೆಕ್ಟರ್ ಕೂಡ ಮಂಡಲದ ಭಾಗಗಳೇ.

ಖರ್ಚಿಲ್ಲದ ಪರೀಕ್ಷೆಯೊಂದಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಎಂಜಿನ್ ಚಾಲೂ ಮಾಡುವ ಮೊದಲೇ, ಸ್ಕ್ಯಾನರಿನಲ್ಲಿ ಮೂರು ಉಷ್ಣತೆಗಳನ್ನು ನೋಡಿ: ಎಂಜಿನ್ ತಂಪುಕಾರಕ ದ್ರವದ್ದು, ಒಳಬರುವ ಗಾಳಿಯದು, ಪರಿವರ್ತಕದ್ದು. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಪರಿವರ್ತಕ ಮಾತ್ರ 700 ಡಿಗ್ರಿ ಎಂದರೆ ದೋಷ ಸಂವೇದಕ ಅಥವಾ ತಂತಿಯದು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ರೋಧ ಅಳೆದು ಕೈಪಿಡಿಯೊಂದಿಗೆ ಹೋಲಿಸಿ. ಸರಿಯಿದ್ದರೆ ತಂತಿಯನ್ನು ಹುಡುಕಿ.

ತಣ್ಣಗಿದ್ದಾಗ ಮೂರೂ ಸರಿಯಿದ್ದು, ಓಡಿದ ಮೇಲೆ ಎಚ್ಚರಿಕೆ ಬಂದರೆ ಅದು ನಿಜವೆಂದೇ ತಿಳಿಯಬೇಕು. ಆಗ ನೋಡಬೇಕಾದ್ದು ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್‌ಗಳನ್ನು. ದೀಪ ಆರಿಸಲೆಂದು ಸಂವೇದಕದ ಜಾಗದಲ್ಲಿ ಒಂದು ರೆಸಿಸ್ಟರ್ ಜೋಡಿಸಿಕೊಡುವವರೂ ಇದ್ದಾರೆ. ಅಂಥ ಕಾರು ಹುರುಳಿ ಹರಡಿದ ರಸ್ತೆಗೆ ಇಳಿದರೆ, ತಳದಲ್ಲಿ ಏನಾಗುತ್ತಿದೆ ಎಂದು ಚಾಲಕನಿಗೆ ತಿಳಿಯುವುದು ಹೊಗೆ ಕಂಡಾಗಲೇ.